ನಿಂತು ದುಡಿಯುವವರ ಕಾಲು: ಚೀಟಿ ಮೊದಲು, ರೊಕ್ಕ ಆಮೇಲೆ

ಸಂಜೆ ಐದೂವರೆಗೆ ಹಾನಗಲ್ಲ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ನಿಂತವರ ಮುಖ ನೋಡುವುದನ್ನು ಬಿಟ್ಟು ಒಮ್ಮೆ ಕಾಲು ನೋಡಿರಿ. ಮೊಣಕಾಲ ಕೆಳಗೆ, ಮೀನಖಂಡದ ಮೇಲೆ, ಹಗ್ಗ ಸುತ್ತಿ ಬಿಟ್ಟ ಹಾಗೆ ನೀಲಿ ನರ ಎದ್ದು ನಿಂತವರು ನಾಲ್ಕಾರು ಮಂದಿ ಸಿಕ್ಕೇ ಸಿಗುತ್ತಾರೆ. ಕಿರಾಣಿ ಅಂಗಡಿಯವರು, ಖಾನಾವಳಿಯಲ್ಲಿ ಒಲೆ ಮುಂದೆ ನಿಲ್ಲುವವರು, ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ತೋರಿಸುವ ಹುಡುಗರು, ಕಂಡಕ್ಟರು, ಕ್ಷೌರದವರು, ಸಾಲಿ ಮಾಸ್ತರರು, ಎರಡು ಮೂರು ಹೆತ್ತ ಹೆಣ್ಣುಮಕ್ಕಳು. ಶಿಗ್ಗಾಂವಿಯಲ್ಲಾಗಲಿ, ಸವಣೂರಿನಲ್ಲಾಗಲಿ, ಹಿರೇಕೆರೂರಿನಲ್ಲಾಗಲಿ ನೋಟ ಬೇರೆ ಇಲ್ಲ. "ಏನ್ರೀ ಸಾವ್ಕಾರ್ರ, ಕಾಲು ಹಿಂಗ್ಯಾಕ ಆಗೇತಿ?" ಎಂದು ಕೇಳಿದರೆ ಬರುವ ಉತ್ತರವೂ ಒಂದೇ. "ಏನಿಲ್ರೀ, ನಿಂತೂ ನಿಂತೂ ನರ ಉಬ್ಬ್ಯಾವ. ಸಂಜೀಕ ಸ್ವಲ್ಪ ಬಾವು ಬರತೈತಿ, ಮುಂಜಾನಿ ಇಳೀತೈತಿ."

ಮುಂಜಾನೆ ಇಳಿಯುವ ತನಕ ಯಾರೂ ದವಾಖಾನೆಗೆ ಹೋಗುವುದಿಲ್ಲ. ಇಳಿಯದೆ ಹೋದಾಗ ಹೋಗುತ್ತಾರೆ, ಆಗ ಖರ್ಚಿನ ಲೆಕ್ಕ ಕೇಳಿ ಎದೆ ಒಡೆದುಕೊಳ್ಳುತ್ತಾರೆ. ಆ ಖರ್ಚು ಎಷ್ಟು, ಅದನ್ನು ತುಂಬುವ ದಾರಿ ಯಾವುವು, ನಮ್ಮ ನಾಲ್ಕು ತಾಲೂಕಿನ ಜನ ಎಲ್ಲಿ ಎಡವುತ್ತಿದ್ದಾರೆ ಎಂಬುದರ ಬಗ್ಗೆ ಇಂದು ನಾಲ್ಕು ಮಾತು ಬರೆಯುವುದು ಅಗತ್ಯವೆನಿಸಿದೆ.

ಈ ಕಾಯಿಲೆಗೆ ಡಾಕ್ಟರು ವೆರಿಕೋಸ್ ವೇನ್ ಎನ್ನುತ್ತಾರೆ. ನಾವು ನರ ಉಬ್ಬುವುದು ಎನ್ನುತ್ತೇವೆ. ಈ 'ನರ' ಎಂಬ ಶಬ್ದದಿಂದಲೇ ಎಷ್ಟೋ ಜನರ ರೊಕ್ಕ ಹಾಳಾಗಿದೆ. ನರ ಎಂದ ಕೂಡಲೇ ನರದ ಗುಳಿಗೆ, ನರದ ಎಣ್ಣೆ, ಶಕ್ತಿಯ ಇಂಜೆಕ್ಷನ್ನು ಎಂದು ವರ್ಷಗಟ್ಟಲೆ ಕೊಳ್ಳುವವರಿದ್ದಾರೆ. ಅಸಲಿಗೆ ಇದು ನರವಲ್ಲ, ರಕ್ತನಾಳ. ಕಾಲಿನಿಂದ ಹೃದಯಕ್ಕೆ ರಕ್ತವನ್ನು ವಾಪಸ್ ಒಯ್ಯುವ ನಾಳ. ಬಾವಿಗೆ ಇಳಿಬಿಟ್ಟ ಪಂಪಿನ ಪೈಪಿಗೆ ಫೂಟ್‌ವಾಲ್ವ್ ಇರುತ್ತದಲ್ಲ, ಹಾಗೆ ಈ ನಾಳದ ಒಳಗೂ ಅಲ್ಲಲ್ಲಿ ಪುಟ್ಟ ಕವಾಟಗಳಿವೆ. ನಡೆದಾಡುವಾಗ ಮೀನಖಂಡದ ಸ್ನಾಯು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಕವಾಟ ಅದನ್ನು ಕೆಳಗೆ ಇಳಿಯಗೊಡುವುದಿಲ್ಲ. ಫೂಟ್‌ವಾಲ್ವ್ ಕೆಟ್ಟರೆ ಪಂಪು ನಿಂತ ಕೂಡಲೇ ನೀರು ಬಾವಿಗೆ ಇಳಿಯುತ್ತದೆ. ಕವಾಟ ಸಡಿಲಾದರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ನಾಳ ಹಿಗ್ಗಿ ಸೊಟ್ಟಸೊಟ್ಟಾಗಿ ಎದ್ದು ಕಾಣುತ್ತದೆ. ಮನೆತನದಲ್ಲಿ ಇದ್ದರೆ ಬರುವುದು ಹೆಚ್ಚು. ಬಸಿರಿನಲ್ಲಿ ಹೆಚ್ಚು. ಮೈಭಾರದವರಿಗೆ ಹೆಚ್ಚು. ನಡೆದಾಡದೆ ಒಂದೇ ಕಡೆ ತಾಸುಗಟ್ಟಲೆ ನಿಲ್ಲುವವರಿಗೆ ಇನ್ನೂ ಹೆಚ್ಚು. ಗುಳಿಗೆಯಿಂದ ಕೆಟ್ಟ ಫೂಟ್‌ವಾಲ್ವ್ ರಿಪೇರಿಯಾಗುವುದಿಲ್ಲ ಎಂಬುದನ್ನು ಪಂಪಿನ ಮಾತಿನಲ್ಲಿ ಹೇಳಿದರೆ ನಮ್ಮ ರೈತರಿಗೆ ಕೂಡಲೇ ತಿಳಿಯುತ್ತದೆ.

ಉಬ್ಬಿದ್ದೆಲ್ಲ ಅಪಾಯವಲ್ಲ. ಬರೀ ಜೇಡರ ಬಲೆಯಂತೆ ಕೆಂಪು ನೀಲಿ ಗೆರೆ ಕಂಡರೆ ಹೆದರಬೇಕಾಗಿಲ್ಲ. ಆದರೆ ಕಾಲು ಭಾರವಾಗಿ ಸಂಜೆ ಬಾವು ಬಂದು, ಹರಡಿನ ಸುತ್ತ ತುರಿಕೆ ಹತ್ತಿ, ಚರ್ಮ ಕಪ್ಪಾಗಿ ಗಟ್ಟಿಯಾಗತೊಡಗಿತೆಂದರೆ ಅದು ಮುಂದಿನ ಹುಣ್ಣಿಗೆ ಬರೆದ ಪೀಠಿಕೆ. ಹರಡಿನ ಒಳಮಗ್ಗುಲಿಗೆ ಒಮ್ಮೆ ಹುಣ್ಣಾಯಿತೆಂದರೆ ಅದು ತಿಂಗಳುಗಟ್ಟಲೆ ಮಾಯುವುದಿಲ್ಲ. ದಿನ ಬಿಟ್ಟು ದಿನ ಪಟ್ಟಿ, ವಾಸನೆ, ಅಂಗಡಿ ಬಂದ್. ಇನ್ನೊಂದು ಅಪಾಯ ರಕ್ತಸ್ರಾವ. ಉಬ್ಬಿದ ನಾಳಕ್ಕೆ ಸಣ್ಣ ಏಟು ಬಿದ್ದರೂ, ತುರಿಸಿದರೂ ಒಡೆದು ರಕ್ತ ಚಿಮ್ಮಬಹುದು. ಆಗ ಕುರ್ಚಿಯ ಮೇಲೆ ಕೂಡಿಸಿ ಗಾಳಿ ಬೀಸುತ್ತ ನಿಲ್ಲಬಾರದು. ನೆಲದ ಮೇಲೆ ಮಲಗಿಸಿ, ಕಾಲನ್ನು ಎದೆಗಿಂತ ಮೇಲಕ್ಕೆತ್ತಿ, ಸ್ವಚ್ಛ ಬಟ್ಟೆಯಿಂದ ಒಡೆದ ಜಾಗವನ್ನೇ ಗಟ್ಟಿಯಾಗಿ ಒತ್ತಿ ಹಿಡಿದು ದವಾಖಾನೆಗೆ ಒಯ್ಯಬೇಕು. ಇಷ್ಟು ತಿಳಿದಿದ್ದರೆ ಜೀವ ಉಳಿಯುತ್ತದೆ, ಇದಕ್ಕೆ ಬಿಡಿಕಾಸೂ ಬೇಕಿಲ್ಲ.

ತಡ ಮಾಡಿದರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಡಾಕ್ಟರು ಅಳೆದು ನೋಡಿದ್ದಾರೆ. ಕಾಲಿಗೆ ಹುಣ್ಣಾದ 450 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬಿಗಿ ಪಟ್ಟಿಯ ಜೊತೆಗೆ ಕೆಟ್ಟ ನಾಳವನ್ನು ಬೇಗನೆ ಮುಚ್ಚಿದರು. ಇನ್ನೊಂದು ಗುಂಪಿಗೆ ಪಟ್ಟಿ ಕಟ್ಟಿ, ನಾಳದ ಚಿಕಿತ್ಸೆಯನ್ನು ಮುಂದಕ್ಕೆ ಹಾಕಿದರು. 2018ರಲ್ಲಿ ಪ್ರಕಟವಾದ ಫಲಿತಾಂಶ: ಬೇಗ ಚಿಕಿತ್ಸೆಯಾದವರಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನದಲ್ಲಿ ಮಾಯ್ದಿತು, ತಡವಾದವರಿಗೆ ಅಷ್ಟಕ್ಕೇ 82 ದಿನ ಹಿಡಿಯಿತು. ನಡುವಿನ ಅಂತರ 26 ದಿನ. ಗಲ್ಲಾದ ಮುಂದೆ ಕೂಡುವವರಿಗೆ 26 ದಿನದ ವ್ಯಾಪಾರ ಎಂದರೆ ಏನೆಂದು ನಾವು ಹೇಳಿಕೊಡಬೇಕಾಗಿಲ್ಲ. ದಿನಗೂಲಿಯವರಿಗಂತೂ ಅದು 26 ದಿನದ ಒಲೆ.

ಖರ್ಚಿನ ಮಾತು

ಮೊದಲನೆಯ ಖರ್ಚು ಡಾಪ್ಲರ್ ಎಂಬ ಸ್ಕ್ಯಾನು. ಯಾವ ಕವಾಟ ಕೆಟ್ಟಿದೆ, ಒಳಗಿನ ದೊಡ್ಡ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ಅದರಲ್ಲಿ ಕಾಣುತ್ತದೆ. ಅದಿಲ್ಲದೆ ಚಾಕು ಹಾಕುತ್ತೇವೆ, ಲೇಸರ್ ಹಿಡಿಯುತ್ತೇವೆ ಎನ್ನುವವರ ಬಾಗಿಲಿನಿಂದ ವಾಪಸ್ ಬರುವುದು ಲೇಸು. ಖಾಸಗಿಯಲ್ಲಿ ಇದಕ್ಕೆ ಸಾವಿರದ ಲೆಕ್ಕದಲ್ಲಿ ರೊಕ್ಕ ಬೀಳುತ್ತದೆ. ಎರಡನೆಯದು ಬಿಗಿ ಕಾಲುಚೀಲ. ಒಂದು ಜೊತೆಗೆ ಸಾವಿರ, ಎರಡು ಸಾವಿರ, ಒಳ್ಳೆಯದಾದರೆ ಇನ್ನೂ ಮೇಲೆ. ಅದು ಕೆಲವು ತಿಂಗಳಲ್ಲಿ ಸಡಿಲಾಗುತ್ತದೆ, ಮತ್ತೆ ಕೊಳ್ಳಬೇಕು. ಅಳತೆ ತೆಗೆಯದೆ ಕೊಟ್ಟ ಕಾಲುಚೀಲ ದಂಡ. ಸಕ್ಕರೆ ಕಾಯಿಲೆಯವರು, ಬೀಡಿ ಸಿಗರೇಟು ಸೇದಿ ಕಾಲಿನ ಶುದ್ಧರಕ್ತದ ನಾಳ ಕಿರಿದಾದವರು ಡಾಕ್ಟರು ಪಾದದ ನಾಡಿ ನೋಡಿ ಹೇಳುವ ತನಕ ಅದನ್ನು ಹಾಕಲೇಬಾರದು. ಅವರಿಗೆ ಅದೇ ಮುಳುವಾಗುತ್ತದೆ.

ಮೂರನೆಯದೇ ದೊಡ್ಡದು, ಶಸ್ತ್ರಕ್ರಿಯೆ. ಹಳೆಯ ಪದ್ಧತಿಯಲ್ಲಿ ತೊಡೆಯ ಸಂದಿನಲ್ಲಿ ಕೆಟ್ಟ ನಾಳವನ್ನು ಕಟ್ಟಿ, ಎಳೆದು ತೆಗೆಯುತ್ತಾರೆ. ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ಎಂಬ ಡಾಕ್ಟರು ನಾಳ ಕಟ್ಟುವ ಈ ಕ್ರಮವನ್ನು 1890ರ ಸುಮಾರಿಗೇ ಬರೆದಿಟ್ಟಿದ್ದರು. ಹೊಸ ಪದ್ಧತಿಯಲ್ಲಿ ನಾಳದೊಳಗೆ ಸಣ್ಣ ತಂತಿ ತೂರಿಸಿ ಲೇಸರಿನಿಂದಲೋ ರೇಡಿಯೋ ತರಂಗದಿಂದಲೋ ಸುಟ್ಟು ಮುಚ್ಚುತ್ತಾರೆ. ನೊರೆಯ ಔಷಧ ಚುಚ್ಚಿ ಮುಚ್ಚುವುದೂ ಉಂಟು, ಅಂಟು ಹಾಕುವುದೂ ಬಂದಿದೆ. ಖಾಸಗಿಯಲ್ಲಿ ಲೇಸರಿಗೆ ಒಂದು ಕಾಲಿಗೆ 40-50 ಸಾವಿರದಿಂದ ಹಿಡಿದು ಲಕ್ಷ ದಾಟಿಸಿ ಕೇಳುತ್ತಾರೆ. ಎರಡು ಕಾಲಾದರೆ ಲೆಕ್ಕ ನೀವೇ ಹಾಕಿಕೊಳ್ಳಿರಿ. ಒಮ್ಮೆ ಬಳಸಿ ಎಸೆಯುವ ಆ ತಂತಿಯ ಬೆಲೆಯೇ ಬಿಲ್ಲಿನಲ್ಲಿ ದೊಡ್ಡ ಪಾಲು ತಿನ್ನುತ್ತದೆ.

ಲೇಸರ್ ಸುಳ್ಳಲ್ಲ. ಬ್ರಿಟನ್ನಿನ ಸರಕಾರಿ ಆರೋಗ್ಯ ಮಾರ್ಗದರ್ಶಿ 2013ರಲ್ಲಿಯೇ ನಾಳವನ್ನು ಶಾಖದಿಂದ ಮುಚ್ಚುವುದು ಮೊದಲ ಆಯ್ಕೆ, ಅದಾಗದಿದ್ದರೆ ನೊರೆ ಔಷಧ, ಅದೂ ಆಗದಿದ್ದರೆ ಹಳೆಯ ಶಸ್ತ್ರಕ್ರಿಯೆ ಎಂದು ಹೇಳಿದೆ. ಗಾಯ ಸಣ್ಣದು, ಬೇಗ ಕೆಲಸಕ್ಕೆ ಮರಳಬಹುದು. ಆದರೆ ಹಳೆಯ ಪದ್ಧತಿ ಕೆಟ್ಟದ್ದೆಂದು ಯಾರೂ ಹೇಳಿಲ್ಲ. ನುರಿತ ಕೈಯಲ್ಲಿ ಅದೂ ಚೆನ್ನಾಗಿ ಗುಣ ಕೊಡುತ್ತದೆ, ಯಾವ ಪದ್ಧತಿಯಲ್ಲೂ ಕೆಲವರಿಗೆ ಮತ್ತೆ ನಾಳ ಉಬ್ಬುವುದುಂಟು. ಆದ್ದರಿಂದ "ಸರಕಾರಿ ದವಾಖಾನ್ಯಾಗ ಲೇಸರ್ ಇಲ್ಲಂತ, ಅದಕ್ಕ ಬಂಗಾರ ಇಟ್ಟು ಖಾಸಗಿಗೆ ಹೊಂಟೇವಿ" ಎನ್ನುವವರು ಒಂದು ಕ್ಷಣ ನಿಲ್ಲಬೇಕು. ಬಂಗಾರದ ಅಂಗಡಿಯ ಬಾಗಿಲಿಗೂ ದವಾಖಾನೆಯ ಬಾಗಿಲಿಗೂ ನಡುವೆ ಇನ್ನೂ ಒಂದು ಬಾಗಿಲಿದೆ.

ಆ ಬಾಗಿಲು ನಿಮ್ಮೂರಿನ ತಾಲೂಕು ಸರಕಾರಿ ಆಸ್ಪತ್ರೆ.

ಚೀಟಿ ಮೊದಲು

2018ರ ಮಾರ್ಚಿನಲ್ಲಿ ರಾಜ್ಯ ಸರಕಾರದ ಆರೋಗ್ಯ ಕರ್ನಾಟಕ ಯೋಜನೆ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ ಬಂತು, ಅಕ್ಟೋಬರ್ ಕೊನೆಗೆ ಎರಡನ್ನೂ ಕೂಡಿಸಿದರು. ಬಿಪಿಎಲ್ ಕಾರ್ಡಿನ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಆಸ್ಪತ್ರೆ ಖರ್ಚು. ಎಪಿಎಲ್ ಮನೆಗೆ ಸರಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇಕಡಾ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಇದು ಊರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಇದರ ನಡೆ. ತುರ್ತು ಅಲ್ಲದ ಚಿಕಿತ್ಸೆಗೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ಕಾರ್ಡು ನಡೆಯುವುದಿಲ್ಲ. ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗುವ ಚಿಕಿತ್ಸೆಯಾದರೆ ಅಲ್ಲೇ ಆಗುತ್ತದೆ. ಆಗದಿದ್ದರೆ ಡಾಕ್ಟರು ರೆಫರಲ್ ಚೀಟಿ ಕೊಡುತ್ತಾರೆ, ಆ ಚೀಟಿ ಹಿಡಿದು ಯೋಜನೆಯಲ್ಲಿ ನೋಂದಾಯಿತವಾದ ಆಸ್ಪತ್ರೆಗೆ ಹೋಗಬೇಕು. ಉಬ್ಬಿದ ನಾಳದ ಕಾಯಿಲೆ ಸಾಮಾನ್ಯವಾಗಿ ತುರ್ತಿನ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಚೀಟಿ ಬೇಕೇ ಬೇಕು.

ನಮ್ಮವರು ಮಾಡುವುದು ಉಲ್ಟಾ. ಯಾರೋ ಹೇಳಿದರೆಂದು ಸೀದಾ ಹುಬ್ಬಳ್ಳಿಯ ಬಸ್ಸು ಹತ್ತುತ್ತಾರೆ, ಖಾಸಗಿಯಲ್ಲಿ ತೋರಿಸುತ್ತಾರೆ, ಅಡ್ವಾನ್ಸ್ ಕಟ್ಟುತ್ತಾರೆ, ಆಪರೇಷನ್ ಮುಗಿದ ಮೇಲೆ ಕಿಸೆಯಿಂದ ಕಾರ್ಡು ತೆಗೆಯುತ್ತಾರೆ. "ಮೊದಲ ಯಾಕ ಹೇಳಲಿಲ್ರೀ?" ಎಂದು ಕೌಂಟರಿನವರು ಕೇಳುತ್ತಾರೆ. ಇವರು ಅಲ್ಲಿಂದ ತಾಲೂಕು ಆಸ್ಪತ್ರೆಗೆ ಓಡಿ ಬಂದು "ಹಿಂದಿನ ತಾರೀಖು ಹಾಕಿ ಚೀಟಿ ಕೊಡ್ರೀ ಸಾಹೇಬ್ರ" ಎಂದು ಅಂಗಲಾಚುತ್ತಾರೆ. ಕೊಡಲು ಬರುವುದಿಲ್ಲ, ಕೊಡಲೂಬಾರದು. ಕಟ್ಟಿದ ರೊಕ್ಕ ಈ ಯೋಜನೆಯಲ್ಲಿ ವಾಪಸ್ ಬರುವುದಿಲ್ಲ. ತಪ್ಪು ಜನರದಷ್ಟೇ ಅಲ್ಲ. ಈ ಒಂದು ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಸ್‌ಸ್ಟ್ಯಾಂಡಿನಲ್ಲಿ ತೂಗುಹಾಕಿದ್ದರೆ ಎಷ್ಟು ಮನೆಯ ಬಂಗಾರ ಉಳಿಯುತ್ತಿತ್ತು! ಮಂತ್ರಿಗಳ ಹುಟ್ಟುಹಬ್ಬದ ಬ್ಯಾನರಿಗೆ ಜಾಗ ಸಿಗುವ ಕಂಬದಲ್ಲಿ ಇದಕ್ಕೂ ಜಾಗ ಸಿಗಬೇಕು.

ಇನ್ನೊಂದು ಸೂಕ್ಷ್ಮ. ಯೋಜನೆಯ ಪಟ್ಟಿಯಲ್ಲಿ ಪ್ರತಿ ಶಸ್ತ್ರಕ್ರಿಯೆಗೂ ಬೇರೆ ಬೇರೆ ಹೆಸರು, ಬೇರೆ ದರ. ಕೆಲವನ್ನು ಸರಕಾರಿ ಆಸ್ಪತ್ರೆಯಲ್ಲಿಯೇ ಮಾಡಿಸಬೇಕೆಂಬ ನಿಯಮವೂ ಇದೆ. ಆದ್ದರಿಂದ ಚೀಟಿ ಬರೆಸುವಾಗಲೇ ಕೇಳಿರಿ: ನನಗೆ ಬರೆದಿರುವುದು ಯಾವ ಪದ್ಧತಿ, ಯಾವ ಆಸ್ಪತ್ರೆಗಳಲ್ಲಿ ಅದು ಕಾರ್ಡಿನ ಮೇಲೆ ಆಗುತ್ತದೆ, ಒಂದು ಕಾಲಿಗೋ ಎರಡಕ್ಕೋ. ಪ್ರತಿ ನೋಂದಾಯಿತ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬ ಒಬ್ಬರು ಕೂತಿರುತ್ತಾರೆ. ಸಂಬಳ ಕೊಟ್ಟು ಕೂಡಿಸಿರುವುದೇ ನಿಮ್ಮ ಪ್ರಶ್ನೆಗೆ ಉತ್ತರ ಕೊಡಲಿಕ್ಕೆ, ಸಂಕೋಚ ಬೇಡ. ಊರಲ್ಲೇ ಕೂತು ಕೇಳಬೇಕೆಂದರೆ 14555ಕ್ಕೆ ಫೋನು ಮಾಡಬಹುದು.

ಎಲ್ಲಿಗೆ ಹೋಗಬೇಕು? ಹಾನಗಲ್ಲ, ಶಿಗ್ಗಾಂವ, ಸವಣೂರಿನವರಿಗೆ ಹುಬ್ಬಳ್ಳಿ ಹತ್ತಿರ. ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಅಲ್ಲಿನ ಸರಕಾರಿ ಮೆಡಿಕಲ್ ಕಾಲೇಜು 1957ರಿಂದ ಇದೆ. ನಮ್ಮ ಅಜ್ಜಂದಿರ ಕಾಲದಿಂದ ಈ ಸೀಮೆಯ ದೊಡ್ಡ ಕಾಯಿಲೆಗೆಲ್ಲ ಅದೇ ದಿಕ್ಕು. ಹಿರೇಕೆರೂರಿನವರಿಗೆ ಹುಬ್ಬಳ್ಳಿ ದೂರವಾಗುತ್ತದೆ, ದಾವಣಗೆರೆಯ ಚಿಗಟೇರಿ ಆಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಅವರಿಗೆ ಅನುಕೂಲ. ಎರಡೂ ಸರಕಾರದವೇ. ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜೂ ಬಂದಿದೆ. ಸರಕಾರಿ ಆಸ್ಪತ್ರೆಯಲ್ಲಿ ಸರದಿ ಉದ್ದ, ಡಾಕ್ಟರು ಇಂದು ಬಾ ನಾಳೆ ಬಾ ಎನ್ನುತ್ತಾರೆ ಎಂಬ ದೂರು ಇದೆ, ಸುಳ್ಳೂ ಅಲ್ಲ. ಆದರೆ ಹತ್ತು ವರ್ಷ ಉಬ್ಬಿದ ನಾಳವನ್ನು ಹೊತ್ತು ತಿರುಗಿದವರಿಗೆ ಸರದಿಯ ಒಂದು ತಿಂಗಳು ದೊಡ್ಡದಾಗಬಾರದು. ಹುಣ್ಣಾಗುವ ಮೊದಲೇ ಹೋದರೆ ಸರದಿಗೆ ಕಾಯುವ ತ್ರಾಣ ಇರುತ್ತದೆ, ಹುಣ್ಣಾದ ಮೇಲೆ ಇರುವುದಿಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು. ಸೀರೆಯ ಕೆಳಗೆ ಕಾಲು ಮುಚ್ಚಿರುತ್ತದೆ, ಗಂಡನಿಗೂ ಕಾಣುವುದಿಲ್ಲ. "ನನ್ನ ಕಾಲಿಗೇನು ಹೊತ್ತು, ಮಕ್ಕಳ ಫೀ ಕಟ್ಟೂದು ಅದ" ಎಂದು ಮುಂದೂಡುತ್ತ ಹೋಗುತ್ತೀರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಟಿಕೆಟ್ ಇಲ್ಲ. ತಾಲೂಕು ಆಸ್ಪತ್ರೆಗೆ ಒಂದು ಸಲ, ಸ್ಕ್ಯಾನಿಗೆ ಒಂದು ಸಲ, ತಪಾಸಣೆಗೆ ಎರಡು ಸಲ ಎಂದು ಓಡಾಡುವ ಖರ್ಚಾದರೂ ಉಳಿಯಿತಲ್ಲ. ಧರ್ಮಸ್ಥಳಕ್ಕೆ ಹೋಗುವ ಬಸ್ಸೇ ದವಾಖಾನೆಗೂ ಹೋಗುತ್ತದೆ.

ನಡುವೆ ಸಿಕ್ಕವರು

ಬಡವನಿಗೆ ಕಾರ್ಡು, ಶ್ರೀಮಂತನಿಗೆ ಚೆಕ್ಕು. ನಡುವೆ ಸಿಕ್ಕವನು ಸಣ್ಣ ಅಂಗಡಿಕಾರ. ವರ್ಷದ ಆದಾಯ 1.2 ಲಕ್ಷ ದಾಟಿದರೆ ಬಿಪಿಎಲ್ ಇಲ್ಲ. ತಿಂಗಳಿಗೆ ಹತ್ತು ಸಾವಿರ! ಅಷ್ಟರಲ್ಲಿ ಅಂಗಡಿಯ ಬಾಡಿಗೆ ಕಟ್ಟಿ ಮನೆ ನಡೆಸುವ ಪವಾಡ ಮಾಡಿದವರಿದ್ದರೆ ನಾವು ಅವರಿಗೆ ಸನ್ಮಾನ ಮಾಡಲು ಸಿದ್ಧ. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡು ರದ್ದಾದ ಗದ್ದಲ ಓದುಗರಿಗೆ ನೆನಪಿರಬಹುದು. ಬ್ಯಾಂಕಿನ ಸಾಲಕ್ಕೆಂದು ಆದಾಯ ತೆರಿಗೆಯ ರಿಟರ್ನ್ ಹಾಕಿದವರೂ ಆಗ ಗಾಬರಿಯಾದರು. ಕೂಗೆದ್ದ ಮೇಲೆ ಸರಕಾರ ಹಿಂದೆ ಸರಿಯಿತು, ಆದರೆ ಕಾರ್ಡು ಇಂದು ಇದ್ದದ್ದು ನಾಳೆ ಇರುತ್ತದೆಂಬ ಭರವಸೆ ಅಂದೇ ಹೋಯಿತು. ಆದ್ದರಿಂದ ಆಪರೇಷನ್ನಿಗೆ ಹೋಗುವ ಹಿಂದಿನ ದಿನ ಕಾರ್ಡು ಚಾಲ್ತಿಯಲ್ಲಿದೆಯೇ, ಮನೆಯವರೆಲ್ಲರ ಹೆಸರು ಅದರಲ್ಲಿದೆಯೇ ಎಂದು ನೋಡಿಕೊಳ್ಳುವುದಲ್ಲ, ಈ ವಾರವೇ ನೋಡಿಕೊಳ್ಳಿರಿ.

ಎಪಿಎಲ್ ಎಂದು ಚೀಟಿಯನ್ನೇ ಬಿಡುವುದೂ ಮೂರ್ಖತನ. ಲೆಕ್ಕ ಹಾಕಿ. ಒಂದು ಶಸ್ತ್ರಕ್ರಿಯೆಗೆ ಸರಕಾರದ ದರ 30 ಸಾವಿರ ಎಂದು ಮಾತಿಗೆ ಹಿಡಿಯೋಣ. ಸರಕಾರ 9 ಸಾವಿರ ಕೊಡುತ್ತದೆ, ನೀವು 21 ಸಾವಿರ ಕೊಡಬೇಕು. ಲಾಭ ಆ 9 ಸಾವಿರವಷ್ಟೇ ಅಲ್ಲ. ನಿಮ್ಮ ಪಾಲು ಲೆಕ್ಕವಾಗುವುದು ಸರಕಾರದ ದರದ ಮೇಲೆ, ಆಸ್ಪತ್ರೆ ತನಗೆ ತಿಳಿದಂತೆ ಹೇಳುವ ದರದ ಮೇಲಲ್ಲ.

ಸಹಕಾರಿ ಸಂಘದ ಸದಸ್ಯರಿಗೆ ಇನ್ನೊಂದು ದಾರಿ ಯಶಸ್ವಿನಿ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತುಹೋಗಿ, 2023ರ ಜನವರಿಯಿಂದ ಮತ್ತೆ ಜೀವ ಪಡೆದ ಯೋಜನೆಯಿದು. ಹಳ್ಳಿಯ ಸಂಘದ ಸದಸ್ಯನ ನಾಲ್ಕು ಜನರ ಮನೆಗೆ ವರ್ಷಕ್ಕೆ 500 ರೂಪಾಯಿ, ಪಟ್ಟಣದ ಸಂಘದವರಿಗೆ 1000 ರೂಪಾಯಿ ವಂತಿಗೆ ಎಂದು ಗೊತ್ತುಮಾಡಿದರು, 5 ಲಕ್ಷದವರೆಗೆ ಚಿಕಿತ್ಸೆ. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ವಂತಿಗೆಯನ್ನು ಸರಕಾರವೇ ಭರಿಸುತ್ತದೆ. ಐನೂರು ರೂಪಾಯಿ ಎಂದರೆ ದಿನಕ್ಕೆ ಒಂದೂವರೆ ರೂಪಾಯಿಯೂ ಬೀಳಲಿಲ್ಲ. ಆದರೆ ಇದಕ್ಕೆ ವರ್ಷಕ್ಕೊಮ್ಮೆ ಬಾಗಿಲು ತೆರೆಯುತ್ತದೆ, ಕೊನೆಯ ತಾರೀಖಿಗೆ ಮುಚ್ಚುತ್ತದೆ. ಬಾಗಿಲು ಮುಚ್ಚಿದ ಮೇಲೆ ಕಾಲು ನೋಯತೊಡಗಿದರೆ ಮುಂದಿನ ವರ್ಷಕ್ಕೆ ಕಾಯಬೇಕು. ನಿಮ್ಮ ಕಾಯಿಲೆಗೆ ಬೇಕಾದ ಚಿಕಿತ್ಸೆ ಅದರ ಪಟ್ಟಿಯಲ್ಲಿ ಯಾವ ರೂಪದಲ್ಲಿದೆ ಎಂದೂ ಸಂಘದ ಕಾರ್ಯದರ್ಶಿಯನ್ನು ಕೇಳಿಕೊಳ್ಳಬೇಕು.

ಇಲ್ಲಿ ನಮ್ಮ ಸಂಘಗಳವರಿಗೆ ಒಂದು ಚಾಟಿ ಬೀಸಲೇಬೇಕು. ಈ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ 1905ರಲ್ಲಿ ಹುಟ್ಟಿದ್ದು ಹಳೇ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ, ಸಿದ್ಧನಗೌಡ ಪಾಟೀಲರ ಕೈಯಲ್ಲಿ. ಆ ಪರಂಪರೆಯವರು ನಾವು ಎಂದು ಪ್ರತಿ ವಾರ್ಷಿಕ ಸಭೆಯಲ್ಲಿ ಭಾಷಣ ಬಿಗಿಯುತ್ತೇವೆ. ಸದಸ್ಯರಿಗೆ ಉಡುಗೊರೆಯಾಗಿ ಸ್ಟೀಲಿನ ಡಬ್ಬಿ ಹಂಚುವ ಸಂಘಗಳು ಆ ರೊಕ್ಕದಲ್ಲಿ ಸದಸ್ಯರ ಯಶಸ್ವಿನಿ ವಂತಿಗೆ ತುಂಬಿದರೆ ಯಾರು ಬೇಡವೆನ್ನುತ್ತಾರೆ? ಡಬ್ಬಿ ಎಲ್ಲರ ಮನೆಯಲ್ಲೂ ಇದೆ.

ಅಂಗಡಿಯಲ್ಲಿ, ಹೋಟೆಲಿನಲ್ಲಿ ಹತ್ತು ಜನ ಅಥವಾ ಹೆಚ್ಚು ಕೆಲಸಕ್ಕಿದ್ದರೆ ಇಎಸ್ಐ ಇದೆ. ತಿಂಗಳಿಗೆ 21 ಸಾವಿರದೊಳಗೆ ಪಗಾರ ಇರುವವರಿಗೆ ಅನ್ವಯ. 2019ರ ಜುಲೈಯಿಂದ ಮಾಲೀಕರದು ಪಗಾರದ ಶೇಕಡಾ 3.25, ಕೆಲಸಗಾರರದು ಶೇಕಡಾ 0.75. ಹತ್ತು ಸಾವಿರ ಪಗಾರದ ಹುಡುಗನಿಂದ 75 ರೂಪಾಯಿ, ಮಾಲೀಕರಿಂದ 325. ಚಿಕಿತ್ಸೆಯ ಜೊತೆಗೆ, ವಂತಿಗೆಯ ಷರತ್ತು ಪೂರೈಸಿದವರಿಗೆ, ರಜೆಯ ದಿನಗಳಿಗೆ ಪಗಾರದ ಶೇಕಡಾ 70 ವರ್ಷಕ್ಕೆ 91 ದಿನದ ತನಕ ಸಿಗುತ್ತದೆ. ಹುಣ್ಣಿನ ಕಾಲಿಗೆ ಇದಕ್ಕಿಂತ ಒಳ್ಳೆಯ ಔಷಧ ಬೇರೆ ಇಲ್ಲ. ಹನ್ನೆರಡು ಜನ ದುಡಿಯುವ ಕಡೆ ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು ಬರೆಯುವ ಬುದ್ಧಿವಂತ ಮಾಲೀಕರು ನಮ್ಮ ಓದುಗರಲ್ಲಿಯೂ ಇರಬಹುದು. ಅವರು ಇಂದಿನ ಪತ್ರಿಕೆ ಮಡಚಿಟ್ಟು ಸ್ವಲ್ಪ ಯೋಚಿಸಲಿ.

ಆರೋಗ್ಯ ವಿಮೆಯ ಏಜೆಂಟರು ಹೇಳದ ಮಾತೊಂದನ್ನು ನಾವು ಹೇಳುತ್ತೇವೆ. ಇಂದು ಪಾಲಿಸಿ ಮಾಡಿಸಿ ಮುಂದಿನ ತಿಂಗಳು ನಾಳದ ಆಪರೇಷನ್ ಮಾಡಿಸಿಕೊಳ್ಳುತ್ತೇನೆಂದರೆ ಆಗುವುದಿಲ್ಲ. ಬಹಳಷ್ಟು ಪಾಲಿಸಿಗಳಲ್ಲಿ ವೆರಿಕೋಸ್ ವೇನನ್ನು ಹರ್ನಿಯ, ಮೂಲವ್ಯಾಧಿಗಳ ಸಾಲಿನಲ್ಲಿ ಸೇರಿಸಿ ಎರಡು ವರ್ಷ ಕಾಯಬೇಕೆಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದ ತನಕ ಕಾಯಿಸಬಹುದು. ಮೊದಲು ನಾಲ್ಕಿತ್ತು, 2024ರ ಏಪ್ರಿಲಿನಿಂದ ಮೂರಕ್ಕೆ ಇಳಿಯಿತು. ಕಾಲಿನ ನರ ಉಬ್ಬಿದ್ದನ್ನು ಮುಚ್ಚಿಟ್ಟು ಅರ್ಜಿ ತುಂಬಿದರೆ ಕ್ಲೇಮು ಬಂದಾಗ ಸಿಕ್ಕಿಬೀಳುತ್ತೀರಿ. ಅಂದಕ್ಕಾಗಿ ಮಾಡಿಸಿಕೊಳ್ಳುವ ಚಿಕಿತ್ಸೆಗೆ ವಿಮೆ ಇಲ್ಲ. ಆದರೂ ನಲವತ್ತು ದಾಟದ ಅಂಗಡಿಕಾರರು, ಕಾಲು ಇನ್ನೂ ನೆಟ್ಟಗಿರುವವರು ಈಗಲೇ ಮಾಡಿಸಿಡುವುದು ಒಳ್ಳೆಯದು. ವೈಯಕ್ತಿಕ ಆರೋಗ್ಯ ಪಾಲಿಸಿಯ ಮೇಲೆ ಇದ್ದ ಶೇಕಡಾ 18 ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದ್ದಾರೆ.

ಸಾಲದ ಸಂಗತಿ

ಏನೂ ಇಲ್ಲದವರಿಗೆ ಉಳಿಯುವುದು ಸಾಲ. ಇತ್ತೀಚೆಗೆ ಫೋನಿನಲ್ಲಿ ನಯವಾದ ದನಿ ಬರುತ್ತದೆ: ನೋವಿಲ್ಲದ ಲೇಸರ್, ಅದೇ ದಿನ ಮನೆಗೆ, ಬಡ್ಡಿ ಇಲ್ಲದ ಕಂತು. ಬಡ್ಡಿ ಇಲ್ಲದೆ ಸಾಲ ಕೊಡುವವರು ಸವಣೂರಿನ ಸಂತೆಯಲ್ಲಿ ನಮಗಂತೂ ಸಿಕ್ಕಿಲ್ಲ. ಪ್ರೊಸೆಸಿಂಗ್ ಫೀ ಎಂದೋ, ನಗದು ಕೊಟ್ಟವರಿಗೆ ಬಿಡುವ ರಿಯಾಯಿತಿಯನ್ನು ಕಂತಿನವರಿಗೆ ಬಿಡದೆಯೋ ಬಡ್ಡಿ ಒಳಗೇ ಕೂತಿರುತ್ತದೆ. ನಗದು ಕೊಟ್ಟರೆ ಎಷ್ಟು, ಕಂತಾದರೆ ಒಟ್ಟು ಎಷ್ಟು ಎಂದು ಎರಡೂ ಅಂಕಿಯನ್ನು ಬರೆಸಿಕೊಳ್ಳಿರಿ. 2024ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ: ಸಾಲ ಕೊಡುವ ಬ್ಯಾಂಕು, ಫೈನಾನ್ಸ್ ಕಂಪನಿ ಎಲ್ಲ ಖರ್ಚು ಸೇರಿಸಿ ವರ್ಷದ ಬಡ್ಡಿ ಎಷ್ಟಾಗುತ್ತದೆಂದು ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಆ ಹಾಳೆ ಕೇಳಿದ ಕೂಡಲೇ ದನಿಯ ನಯ ಕಡಿಮೆಯಾದರೆ ಫೋನು ಇಟ್ಟುಬಿಡಿ.

ಊರಿನ ಕೈಸಾಲ ನೂರಕ್ಕೆ ಎರಡರಂತೆ ತಂದರೆ 60 ಸಾವಿರಕ್ಕೆ ತಿಂಗಳಿಗೆ 1200, ವರ್ಷಕ್ಕೆ 14,400 ರೂಪಾಯಿ ಬರೀ ಬಡ್ಡಿ. ಅಸಲು ಹಾಗೇ ಇರುತ್ತದೆ. ಮೈಕ್ರೋ ಫೈನಾನ್ಸಿನವರ ಕಾಟ ಎಲ್ಲಿಗೆ ಮುಟ್ಟಿತೆಂದರೆ ಬಲವಂತದ ವಸೂಲಿ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲ ಮಾಡಲೇಬೇಕಾದರೆ ಬ್ಯಾಂಕಿನಲ್ಲೋ ಪತ್ತಿನ ಸಂಘದಲ್ಲೋ ಬಂಗಾರ ಇಡುವುದು ಇದ್ದುದರಲ್ಲಿ ಮೇಲು. ಮುಖ್ಯಮಂತ್ರಿಗಳ ಪರಿಹಾರ ನಿಧಿಗೂ ಬಿಲ್ಲು, ಡಿಸ್ಚಾರ್ಜ್ ಕಾಗದ, ರೇಷನ್ ಕಾರ್ಡು ಲಗತ್ತಿಸಿ ಅರ್ಜಿ ಹಾಕಬಹುದು. ಬಂದರೆ ಒಂದು ಪಾಲು ಬರುತ್ತದೆ, ಪೂರ್ತಿ ಅದನ್ನೇ ನಂಬಿ ಆಪರೇಷನ್ ಟೇಬಲ್ ಹತ್ತಬೇಡಿ.

ಖಾಸಗಿಗೇ ಹೋಗುವವರಾದರೂ ದರ ಕೇಳುವ ಹಕ್ಕು ನಿಮಗಿದೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅದಕ್ಕೆ 2017ರಲ್ಲಿ ಆದ ತಿದ್ದುಪಡಿ, ಎರಡೂ ಇರುವುದು ಅದಕ್ಕೇ. ಆಸ್ಪತ್ರೆ ತನ್ನ ದರಪಟ್ಟಿಯನ್ನು ರೋಗಿಗೆ ತಿಳಿಯುವಂತೆ ಇಡಬೇಕು. ದೂರಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಕೊಡಬಹುದು. ಮೆಣಸಿನಕಾಯಿ ಕೊಳ್ಳಲು ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಹತ್ತು ಅಡತಿ ಅಂಗಡಿ ತಿರುಗುವ ನಾವು ಆಸ್ಪತ್ರೆಯ ಕೌಂಟರಿನಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳುತ್ತೇವೆ. ಡಾಕ್ಟರ ಫೀ ಎಷ್ಟು, ತಂತಿಗೆ ಎಷ್ಟು, ರೂಮಿಗೆ ಎಷ್ಟು, ಆಮೇಲಿನ ಸ್ಕ್ಯಾನು, ಕಾಲುಚೀಲ ಅದರಲ್ಲೇ ಸೇರಿತೋ ಬೇರೆಯೋ ಎಂದು ಬರೆಸಿಕೊಂಡು ಮನೆಗೆ ಬಂದು ಯೋಚಿಸಿದರೆ ಯಾರೂ ಗದರುವುದಿಲ್ಲ.

ಇನ್ನು ಅಧಿಕಾರಿಗಳಿಗೆ. 1997ರಲ್ಲಿ ಹಾವೇರಿ ಜಿಲ್ಲೆಯಾದಾಗ ದೊಡ್ಡ ದವಾಖಾನೆಗೆ ಧಾರವಾಡ ಹುಬ್ಬಳ್ಳಿ ಎಂದು ಅಲೆಯುವುದು ತಪ್ಪುತ್ತದೆ ಎಂದು ಜನ ಪೇಢೆ ಹಂಚಿದ್ದರು. ಕಾಲು ಶತಮಾನವೇ ದಾಟಿತು. ನಾವು ಕೇಳುತ್ತಿರುವುದು ದೊಡ್ಡದಲ್ಲ. ನಾಲ್ಕು ತಾಲೂಕು ಆಸ್ಪತ್ರೆಗಳಲ್ಲಿ ತಿಂಗಳಿಗೆ ಒಂದು ಗೊತ್ತಾದ ದಿನ, ಸಂತೆಯ ದಿನವಾದರೆ ಇನ್ನೂ ಒಳಿತು, ಕಾಲಿನ ನಾಳ ನೋಡುವ ಸರ್ಜನ್ನರು ಮತ್ತು ಡಾಪ್ಲರ್ ಮಾಡುವವರು ಬಂದು ಕೂಡಲಿ. ಅಲ್ಲೇ ನೋಡಿ, ಅಲ್ಲೇ ಚೀಟಿ ಬರೆದು, ಯಾವ ಆಸ್ಪತ್ರೆಗೆ ಯಾವ ದಿನ ಹೋಗಬೇಕೆಂದು ಹೇಳಿ ಕಳಿಸಲಿ. ಹೀಗಾದರೆ ಹಿರೇಕೆರೂರಿನ ಮುದುಕಿ ಮೂರು ಊರು ಅಲೆಯುವುದು ತಪ್ಪುತ್ತದೆ.

ಮಾಲೀಕರಿಗೂ ಒಂದು ಕೆಲಸವಿದೆ. ಕಾರ್ಖಾನೆಯಲ್ಲಿ ನಿಂತು ದುಡಿಯುವವರಿಗೆ ಕೂಡಲು ವ್ಯವಸ್ಥೆ ಇರಬೇಕೆಂದು 1948ರ ಕಾಯ್ದೆಯಲ್ಲೇ ಬರೆದಿತ್ತು. ಅಂಗಡಿಯ ಕೆಲಸಗಾರರಿಗೆ ಕೂಡುವ ಹಕ್ಕನ್ನು ಕೇರಳ 2018ರಲ್ಲಿ ಕೊಟ್ಟಿತು, ತಮಿಳುನಾಡು 2021ರಲ್ಲಿ ಕೊಟ್ಟಿತು. ಗಿರಾಕಿ ಬಂದಾಗ ಹುಡುಗ ಕೂತಿದ್ದರೆ ಅಂಗಡಿಯ ಮರ್ಯಾದೆ ಹೋಗುತ್ತದೆಂಬ ಭಾವನೆ ನಮ್ಮ ಕಡೆ ಬಲವಾಗಿದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿಯಾದರೂ ಕೂಡಲಿ. ತಾಸಿಗೊಮ್ಮೆ ಅಂಗಡಿಯ ತುದಿಯಿಂದ ತುದಿಗೆ ನಡೆದಾಡಲಿ, ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಲಿ, ರಾತ್ರಿ ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೊಳ್ಳಲಿ. ಇದರಿಂದ ಕೆಟ್ಟ ಕವಾಟ ರಿಪೇರಿಯಾಗುವುದಿಲ್ಲ, ಬಾವು ಇಳಿಯುತ್ತದೆ, ಭಾರ ಕಡಿಮೆಯಾಗುತ್ತದೆ.

ತಾಲೂಕು ಆಸ್ಪತ್ರೆಗೆ ಹೋಗುವಾಗ ಆಧಾರ್ ಕಾರ್ಡು, ರೇಷನ್ ಕಾರ್ಡು, ಹಳೆಯ ಚೀಟಿ ಸ್ಕ್ಯಾನು ಏನಿದ್ದರೂ ಒಂದು ಚೀಲದಲ್ಲಿ ಹಾಕಿಕೊಂಡು ಹೊರರೋಗಿ ವಿಭಾಗದ ಕಿಟಕಿ ತೆರೆಯುವ ಹೊತ್ತಿಗೆ ಮುಂಜಾನೆಯೇ ಹೋಗಿರಿ. ಡಾಕ್ಟರಿಗೆ ಕಾಲು ತೋರಿಸುವಾಗ ಮಲಗಿಕೊಂಡು ತೋರಿಸಬೇಡಿ, ಎದ್ದು ನಿಂತು ತೋರಿಸಿರಿ. ಮಲಗಿದರೆ ಉಬ್ಬಿದ ನಾಳ ಇಳಿದು ಕಾಣದೇ ಹೋಗುತ್ತದೆ.